ಎಫ್‌ಎ ಅಂಕ ಚೆನ್ನಾಗಿದೆ, ಮಗುವಿಗೆ ಬರೆಯೋಕೆ ಬರಲ್ಲ: ಯಾವುದನ್ನು ನಂಬೋದು?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಸೇವೆಗೆ ಸೇರಿ ನಾಲ್ಕು ವರ್ಷ ಆಯಿತು. ಎಂಟನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಎರಡು ಎಫ್‌ಎಗಳಲ್ಲೂ (ರೂಪಣಾತ್ಮಕ ಮೌಲ್ಯಮಾಪನ) ಹೆಚ್ಚುಕಡಿಮೆ ಎಲ್ಲರಿಗೂ ಒಳ್ಳೆ ಅಂಕ ಬಂದಿದೆ. ಆದರೆ ಎಸ್‌ಎ 1ರಲ್ಲಿ (ಮೊದಲ ಸಂಕಲನಾತ್ಮಕ ಪರೀಕ್ಷೆ) ಸ್ವಂತವಾಗಿ ಬರೆಯುವ ಪ್ರಶ್ನೆ ಬಂದ ತಕ್ಷಣ ಅರ್ಧ ತರಗತಿ ಜಾಗ ಖಾಲಿ ಬಿಟ್ಟಿದೆ. ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ ಸಾಕಾಗಿದೆ, ಮತ್ತೆ ಅದೇ ತಪ್ಪು. ಹೆಡ್‌ಮಾಸ್ಟರ್ ಫಲಿತಾಂಶ ಏರಿಸಿ ಅಂತಾರೆ. ಬಿ.ಇಡಿ.ಯಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡೋದು ಕಲಿಸಿದರು. ಬಂದ ಅಂಕ ಇಟ್ಟುಕೊಂಡು ಏನು ಮಾಡಬೇಕು ಅಂತ ಯಾರೂ ಕಲಿಸಲಿಲ್ಲ. ಒಬ್ಬ ಹುಡುಗನ ಪುಟದ ಫೋಟೊ ಕಳಿಸಿದ್ದೇನೆ ಸರ್. ಹತ್ತಕ್ಕೆ ಮೂರು ಕೊಟ್ಟಿದ್ದೇನೆ. ಸರಿಯಾ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಗಿಂತ ಮೊದಲು ಆ ಹುಡುಗನ ಪುಟ ಓದಿದೆ. ಎರಡು ಸಲ ಓದಿದೆ. ‘ನಮ್ಮೂರ ಮಳೆ’ ಅಂತ ನೀವು ವಿಷಯ ಕೊಟ್ಟಿದ್ದೀರಿ. ಅವನು ಬರೆದದ್ದು ಇಷ್ಟು:

“ನಮ್ಮ ಊರಲ್ಲಿ ಮಳೆ ಜಾಸ್ತಿ ಬರುತದೆ. ಮಳೆ ಬಂದರೆ ಅಳ್ಳ ತುಂಬುತದೆ. ಆಗ ಶಾಲೆಗೆ ರಜೆ ಕೊಡುತಾರೆ. ನಮ್ಮ ಅಪ ತೋಟಕೆ ಹೋಗಲ್ಲ. ಮನೇಲಿ ಕೂತ್ಕತಾರೆ. ಅಮ್ಮ ಹಪಳ ಸುಡುತಾರೆ. ಕರೆಂಟ್ ಹೋದರೆ ಅಜಿ ಕತೆ ಹೇಳುತಾರೆ.”

ನೀವು 13 ಕಡೆ ಕೆಂಪು ಸುತ್ತು ಹಾಕಿದ್ದೀರಿ. ಏಳು ವಾಕ್ಯಕ್ಕೆ 13 ಸುತ್ತು. ಪುಟ ನೋಡಿದರೆ ಹುಡುಗನಿಗೆ ಕನ್ನಡವೇ ಬರಲ್ಲ ಅನ್ನಿಸುತ್ತದೆ. ಈಗ ಆ 13ನ್ನು ಬೇರೆ ಬೇರೆ ಗುಡ್ಡೆ ಮಾಡೋಣ.

ಹೋಗಲ್ಲ, ಮನೇಲಿ, ಕೂತ್ಕತಾರೆ. ಈ ಮೂರು ಮನೆಮಾತು. ನಾನೂ ನೀವೂ ದಿನಾ ಹೀಗೇ ಮಾತಾಡುತ್ತೇವೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ, ಗೊತ್ತಿರುವುದನ್ನೇ ಬರೆದಿದ್ದಾನೆ. ಬರಹದಲ್ಲಿ ‘ಹೋಗುವುದಿಲ್ಲ’ ಅಂತ ಬರೆಯುವ ರೂಢಿ ಇದೆ ಎಂದು ಮುಂದೆ ಯಾವಾಗಲಾದರೂ ಹೇಳಿಕೊಡಬಹುದು. ಇವತ್ತಿಗೆ ಬಿಡಿ.

ಹಳ್ಳ ಅನ್ನೋದನ್ನು ಅಳ್ಳ ಅಂದಿದ್ದಾನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪದದ ಮೊದಲಿನ ‘ಹ’ ಬಾಯಲ್ಲಿ ನಿಲ್ಲುವುದಿಲ್ಲ. ಹಾಸನವೇ ಆಸ್ನ ಆಗುತ್ತದೆ. ಆದರೆ ಇದೇ ಹುಡುಗ ಹೋಗಲ್ಲ, ಹೋದರೆ, ಹೇಳು, ಹಪಳ ಎಲ್ಲದರಲ್ಲೂ ‘ಹ’ ಸರಿಯಾಗಿ ಹಾಕಿದ್ದಾನೆ. ಅಂದರೆ ಇದು ಒಂದು ಪದದ ತಪ್ಪು ಅಷ್ಟೆ. ಇದನ್ನೂ ಬಿಡಿ.

ಉಳಿದದ್ದು ಒಂಬತ್ತು. ಒಂಬತ್ತೂ ಒಂದೇ ಜಾತಿ. ಒತ್ತಕ್ಷರ ಬಿಟ್ಟುಹೋಗಿದೆ. ಅಂದರೆ ನಿಮ್ಮ ಮುಂದೆ ಇರುವುದು 13 ತಪ್ಪು ಮಾಡುವ ಹುಡುಗ ಅಲ್ಲ. ಒಂದು ವಿಷಯ ಕಲಿಯಬೇಕಾದ ಹುಡುಗ.

ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿ. ಎಲ್ಲ ಒತ್ತನ್ನೂ ಅವನು ಬಿಟ್ಟಿಲ್ಲ. ನಮ್ಮ, ಅಮ್ಮ, ಊರಲ್ಲಿ, ಹೋಗಲ್ಲ, ಅಳ್ಳ, ಇವೆಲ್ಲ ಸರಿ ಇವೆ. ಮ್ಮ, ಲ್ಲ, ಳ್ಳ ಬರುತ್ತದೆ. ಪ್ಪ, ಕ್ಕ, ಜ್ಜ, ತ್ತ ಬರುವುದಿಲ್ಲ. ಯಾಕೆ ಹೀಗೆ? ನೀವೇ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ‘ಅಮ್ಮ’ ಅನ್ನುವಾಗ ಮ್ ಸದ್ದನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಅದು ಕಿವಿಗೆ ಕೇಳುತ್ತದೆ. ‘ಅಪ್ಪ’ ಅನ್ನುವಾಗ ತುಟಿ ಮುಚ್ಚಿ ಒಂದು ಕ್ಷಣ ಸದ್ದೇ ನಿಂತುಬಿಡುತ್ತದೆ. ಅಲ್ಲಿ ಕೇಳೋಕೆ ಏನೂ ಇಲ್ಲ. ಆ ಮೌನವೇ ಒತ್ತು. ಕೇಳದೆ ಇರುವುದನ್ನು ಬರೆಯೋದು ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಒಂಬತ್ತರಲ್ಲಿ ಐದು ಕ್ರಿಯಾಪದದ ‘ತ್ತ’: ಬರುತ್ತದೆ, ತುಂಬುತ್ತದೆ, ಕೊಡುತ್ತಾರೆ, ಸುಡುತ್ತಾರೆ, ಹೇಳುತ್ತಾರೆ. ಇಲ್ಲಿ ಕಾರಣವೇ ಬೇರೆ. ಮಾತಿನಲ್ಲಿ ನಾವು ಯಾರೂ ‘ಕೊಡುತ್ತಾರೆ’ ಅನ್ನುವುದಿಲ್ಲ, ‘ಕೊಡ್ತಾರೆ’ ಅನ್ನುತ್ತೇವೆ. ಆ ತ್ತ ಅವನ ಬಾಯಲ್ಲೂ ಇಲ್ಲ, ಕಿವಿಯಲ್ಲೂ ಇಲ್ಲ. ಅದು ಪುಸ್ತಕದಲ್ಲಿ ಮಾತ್ರ ಇದೆ. ಅಪ್ಪ, ಅಜ್ಜಿ, ಹಪ್ಪಳ, ತೋಟಕ್ಕೆ ಹಾಗಲ್ಲ. ಅವು ಅವನ ಬಾಯಲ್ಲಿ ಇವೆ, ಕೈಗೆ ಇಳಿದಿಲ್ಲ. ಹಾಗಾಗಿ ಮದ್ದೂ ಎರಡು. ಅಪ್ಪ, ಅಜ್ಜಿ ಗುಂಪಿಗೆ ಬಾಯಿ ಮತ್ತು ಕಿವಿಯ ಕೆಲಸ. ಜೋಡಿ ಪದ ಹೇಳಿಸಿ: ಅಡಿ, ಅಡ್ಡಿ. ಕಡಿ, ಕಡ್ಡಿ. ಬಡಿ, ಬಡ್ಡಿ. ಕತೆ, ಕತ್ತೆ. ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿ ಒಂದು ಚಪ್ಪಾಳೆ. ‘ತ್ತದೆ, ತ್ತಾರೆ’ ಗುಂಪಿಗೆ ಕಣ್ಣಿನ ಕೆಲಸ. ಪಾಠದ ಒಂದು ಪುಟ ಕೊಟ್ಟು ‘ತ್ತ’ ಇರುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ. ಎರಡು ವಾರ, ದಿನಕ್ಕೆ ಹತ್ತು ನಿಮಿಷ. ಸರಿಹೋದರೆ ಒಂದೇ ಏಟಿಗೆ ಐದು ತಪ್ಪು ಹೋಯಿತು.

ಆದರೆ ಒಂದು ಮಾತು. ಒಂದು ಪುಟ ನೋಡಿ ಊಹೆ ಮಾಡಬಹುದು, ತೀರ್ಮಾನ ಮಾಡಬಾರದು. ಊಹೆ ಸರಿಯಾ ಅಂತ ನೋಡೋಕೆ ನಾಳೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರು ಪದ ಉಕ್ತಲೇಖನ ಕೊಡಿ: ಬೆಲ್ಲ, ಹಗ್ಗ, ಬಣ್ಣ, ಸೊಪ್ಪು, ಸುಮ್ಮನೆ, ಬೆಟ್ಟ. ಬೆಲ್ಲ, ಬಣ್ಣ, ಸುಮ್ಮನೆ ಸರಿ ಬಂದು ಹಗ್ಗ, ಸೊಪ್ಪು, ಬೆಟ್ಟ ತಪ್ಪಿದರೆ ನನ್ನ ಊಹೆ ಸರಿ. ಆರೂ ಸರಿ ಬರೆದರೆ, ಅವಸರದಲ್ಲಿ ಬಿಡುತ್ತಿದ್ದಾನೆ ಅಂತ ಅರ್ಥ. ಆಗ ಬೇಕಾಗಿರುವುದು ಬರೆದದ್ದನ್ನು ಮತ್ತೆ ಓದುವ ಅಭ್ಯಾಸ. ಎರಡು ನಿಮಿಷದ ಕೆಲಸ ಇದು. ಯಾವ ರಿಜಿಸ್ಟರಿಗೂ ಹೋಗುವುದಿಲ್ಲ. ಆದರೆ ನಿಮ್ಮ ಇಡೀ ವರ್ಷದ ಮೌಲ್ಯಮಾಪನದಲ್ಲಿ ಇದಕ್ಕಿಂತ ಉಪಯೋಗದ ಎರಡು ನಿಮಿಷ ಸಿಗೋದು ಕಷ್ಟ.

ಇನ್ನು ಅವನು ಹೇಳಿದ್ದೇನು ಅಂತ ನೋಡಿ. ಮಳೆ, ಹಳ್ಳ, ರಜೆ, ಅಪ್ಪ ಮನೆಯಲ್ಲಿ, ಹಪ್ಪಳ, ಕರೆಂಟ್ ಹೋದ ಮೇಲೆ ಅಜ್ಜಿಯ ಕತೆ. ಒಂದರ ಹಿಂದೆ ಒಂದು ಕ್ರಮವಾಗಿ ಬಂದಿದೆ. ಗೈಡಿನಿಂದ ಒಂದು ಪದ ಇಲ್ಲ. ಜುಲೈ ತಿಂಗಳ ಮೂಡಿಗೆರೆ ಹಾಗೇ ಕಣ್ಣಿಗೆ ಕಟ್ಟುತ್ತದೆ. ನನ್ನ ಕೈಗೆ ಕೊಟ್ಟಿದ್ದರೆ ವಿಷಯಕ್ಕೆ ಐದಕ್ಕೆ ನಾಲ್ಕು, ವಾಕ್ಯ ಜೋಡಣೆಗೆ ಮೂರಕ್ಕೆ ಒಂದೂವರೆ, ಕಾಗುಣಿತಕ್ಕೆ ಎರಡಕ್ಕೆ ಅರ್ಧ ಕೊಡುತ್ತಿದ್ದೆ. ಒಟ್ಟು ಆರು. ನಿಮ್ಮ ಮೂರು ತಪ್ಪು, ನನ್ನ ಆರು ಸರಿ ಅಂತ ಹೇಳುತ್ತಿಲ್ಲ. ನಿಮ್ಮ ಮೂರು ಬರೀ ಕಾಗುಣಿತದ ಅಂಕ ಆಗಿಬಿಟ್ಟಿದೆ. ಅವನು ಬರೆದ ಮಳೆಗೆ ಅದರಲ್ಲಿ ಜಾಗವೇ ಸಿಕ್ಕಿಲ್ಲ.

ಈ ಅಂಕದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಹಾಸನದಲ್ಲಿ ಭಾಷಾ ಶಿಕ್ಷಕರಿಗೆ ತರಬೇತಿ ಕೊಡುವಾಗ ನಾನು ಒಂದು ಕೆಲಸ ಮಾಡುತ್ತಿದ್ದೆ. ಒಬ್ಬ ವಿದ್ಯಾರ್ಥಿ ಬರೆದ ಒಂದು ಪತ್ರಲೇಖನವನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚುವುದು. ಪಕ್ಕದವರ ಜೊತೆ ಮಾತಾಡದೆ ಐದಕ್ಕೆ ಅಂಕ ಕೊಡಿ ಅನ್ನುವುದು. ಪ್ರತಿ ಸಲವೂ ಬೋರ್ಡಿನ ಮೇಲೆ ಒಂದೂವರೆಯಿಂದ ನಾಲ್ಕೂವರೆವರೆಗೆ ಅಂಕ ಬರುತ್ತಿತ್ತು. ಪತ್ರ ಒಂದೇ. ಕೇಳಿದರೆ ಒಬ್ಬರು ದಿನಾಂಕ ಇಲ್ಲ ಅಂತ ಕಳೆದಿರುತ್ತಿದ್ದರು. ಇನ್ನೊಬ್ಬರು ಅಕ್ಷರ ದುಂಡಗಿದೆ ಅಂತ ಸೇರಿಸಿರುತ್ತಿದ್ದರು. ಯಾರೂ ಸೋಮಾರಿಗಳಲ್ಲ, ಎಲ್ಲರೂ ಅನುಭವ ಇದ್ದವರೇ. ಅಮೆರಿಕದಲ್ಲಿ 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನುವವರು ಇದನ್ನೇ ದೊಡ್ಡದಾಗಿ ಮಾಡಿ ನೋಡಿದ್ದರು. ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಾಲೆಗಳ ಶಿಕ್ಷಕರಿಗೆ ಕಳಿಸಿದರು. ನೂರಕ್ಕೆ 64ರಿಂದ 98ರವರೆಗೆ ಅಂಕ ಬಂತು. ಭಾಷೆಯ ಉತ್ತರವನ್ನು ಅಳೆಯೋದು ಗಣಿತದ ಲೆಕ್ಕಕ್ಕೆ ಟಿಕ್ ಹಾಕಿದ ಹಾಗಲ್ಲ.

ಇದಕ್ಕೆ ದೊಡ್ಡ ಉಪಾಯ ಏನೂ ಬೇಡ. ಅಂಕ ಹಾಕುವ ಮೊದಲೇ ಯಾವುದಕ್ಕೆ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದನ್ನು ಮಕ್ಕಳಿಗೂ ಹೇಳಿ. ಈಗ ಎಲ್ಲರೂ ರೂಬ್ರಿಕ್ಸ್ ಅಂತಾರಲ್ಲ, ಅದು ಇಷ್ಟೇ. ಎಂಟು ಕಾಲಂ ಮಾಡೋಕೆ ಹೋಗಬೇಡಿ, ಮೂರು ಸಾಕು. ಒಬ್ಬರ ಪೂರ್ತಿ ಪತ್ರಿಕೆ ಮುಗಿಸಿ ಇನ್ನೊಬ್ಬರದ್ದು ತೆಗೆಯಬೇಡಿ. ಎಲ್ಲರ ಪತ್ರಲೇಖನ ಒಟ್ಟಿಗೆ, ಆಮೇಲೆ ಎಲ್ಲರ ಗಾದೆ ವಿಸ್ತರಣೆ ಒಟ್ಟಿಗೆ ನೋಡಿ. ಹೆಸರಿರುವ ಮೊದಲ ಪುಟ ಮಡಚಿಡಿ. ‘ಇವಳು ಜಾಣೆ’ ಅನ್ನುವುದು ಗೊತ್ತಿದ್ದರೆ ಕೈ ತಾನಾಗಿ ಅರ್ಧ ಅಂಕ ಜಾಸ್ತಿ ಹಾಕುತ್ತದೆ. ನನ್ನ ಕೈಯೂ ಹಾಕಿದೆ. ಶಿಕ್ಷಕರ ಸಮಾಲೋಚನಾ ಸಭೆಗೆ ಹೋಗುವಾಗ ಐದು ಪತ್ರಿಕೆ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಪಕ್ಕದ ಶಾಲೆಯ ಕನ್ನಡದವರ ಹತ್ತಿರ ಅಂಕ ಹಾಕಿಸಿ, ನಿಮ್ಮದರ ಪಕ್ಕ ಇಟ್ಟು ನೋಡಿ. ಎಲ್ಲಿ ಒಂದೂವರೆ, ಎರಡು ಅಂಕ ವ್ಯತ್ಯಾಸ ಇದೆಯೋ ಅದನ್ನೇ ಮಾತಾಡಿ. ಅರ್ಧ ಗಂಟೆ ಸಾಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಫ್‌ಎ ಚೆನ್ನಾಗಿದೆ, ಎಸ್‌ಎ ಇಲ್ಲ, ಯಾಕೆ?

ಎಫ್‌ಎಗೆ ಏನು ಮಾಡಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಕವಿ ಪರಿಚಯದ ಚಾರ್ಟು, ಪದ್ಯ ಕಂಠಪಾಠ, ಗಾದೆ ಸಂಗ್ರಹ, ನೋಟ್ಸಿನಲ್ಲಿ ಪ್ರಶ್ನೋತ್ತರ, ಜೊತೆಗೊಂದು ಕಿರುಪರೀಕ್ಷೆ. ಹೀಗೇ ಇರುತ್ತದೆ, ಅಲ್ವಾ? ಚಾರ್ಟಿನ ಚಿತ್ರ ಅಂಗಡಿಯಿಂದ ಬಂದಿರುತ್ತದೆ. ಬರಹ ಅಕ್ಕನದ್ದೋ ಮೊಬೈಲಿನದ್ದೋ ಆಗಿರುತ್ತದೆ. ನೋಟ್ಸು ಬೋರ್ಡಿನಿಂದ ನಕಲು. ಇದೆಲ್ಲಕ್ಕೂ ನೀವು ಅಂಕ ಕೊಟ್ಟಿದ್ದೀರಿ, ಅಂಕ ಸುಳ್ಳಲ್ಲ. ಆದರೆ ಅದು ಅಚ್ಚುಕಟ್ಟು, ಶ್ರಮ, ನೆನಪು, ಮನೆಯವರ ಸಹಾಯ ಇವುಗಳ ಅಂಕ. ಒಂದು ಮಗು ಒಂಟಿಯಾಗಿ ಕೂತು ಐದು ವಾಕ್ಯ ಕಟ್ಟಬಲ್ಲದಾ ಅನ್ನೋದನ್ನು ಅದರಲ್ಲಿ ಎಲ್ಲೂ ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎಸ್‌ಎ ಅದನ್ನು ಮೊದಲ ಸಲ ಕೇಳಿತು, ಅರ್ಧ ತರಗತಿ ಖಾಲಿ ಬಿಟ್ಟಿತು.

ಎಸ್‌ಎಯಲ್ಲೂ ಎಲ್ಲ ಪ್ರಶ್ನೆ ಭಾಷೆ ಅಳೆಯುತ್ತದೆ ಅಂತ ಅಂದುಕೊಳ್ಳಬೇಡಿ. ಸಂದರ್ಭ ಸಹಿತ ವಿವರಿಸುವ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಅಚ್ಚು ಇದೆ. ಅಚ್ಚು ಬಾಯಿಪಾಠ ಬಂದರೆ ವಾಕ್ಯ ಅರ್ಥವಾಗದೆ ಇದ್ದರೂ ಅರ್ಧದಷ್ಟು ಅಂಕ ಗ್ಯಾರಂಟಿ. ಗಾದೆ ವಿಸ್ತರಣೆ ಕೊಡಿ, ಯಾವ ಗಾದೆ ಆದರೂ 42 ಮಕ್ಕಳೂ “ವೇದ ಸುಳ್ಳಾದರೂ ಗಾದೆ ಸುಳ್ಳಾಗದು” ಅಂತಲೇ ಶುರು ಮಾಡುತ್ತಾರೆ. ಆ ಸಾಲಿಗೆ ಅಂಕ ಕೊಡುತ್ತಾ ಬಂದವರು ನಾವೇ. ಒಮ್ಮೆ ಹೀಗೆ ಕೇಳಿ ನೋಡಿ: ‘ಕೈ ಕೆಸರಾದರೆ ಬಾಯಿ ಮೊಸರು. ಈ ಮಾತನ್ನು ನಿಮ್ಮ ಮನೆಯಲ್ಲಿ ಯಾರಿಗೆ ಹೇಳಬಹುದು? ಯಾಕೆ?’ ಅಚ್ಚು ಕೆಲಸಕ್ಕೆ ಬರುವುದಿಲ್ಲ. ಮಗು ಯೋಚನೆ ಮಾಡಲೇಬೇಕು. ನಾವು ಕೇಳುವ ಪ್ರಶ್ನೆ ಹೇಗಿರುತ್ತದೋ ಮಕ್ಕಳ ಓದು ಹಾಗೇ ತಿರುಗುತ್ತದೆ. ಓದಿಲ್ಲದ ಪರಿಚ್ಛೇದ ಕೊಡುತ್ತಾ ಬಂದರೆ ಮಕ್ಕಳು ಓದೋಕೆ ಕಲಿಯುತ್ತಾರೆ, ಪಾಠದ ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟರೆ ಗೈಡ್ ಕೊಳ್ಳುತ್ತಾರೆ.

ಎಫ್‌ಎ ಎಸ್‌ಎ ಅಂದರೇನು ಅಂತ ನಿಮ್ಮೂರಿನ ಕಾಫಿ ತೋಟದವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತಾರೆ. ಮಣ್ಣು ಹುಳಿಯಾಗಿದೆ ಅಂತ ಬಂದರೆ ಸುಣ್ಣ ಹಾಕುತ್ತಾರೆ. ಯಾವ ಪಟ್ಟೆಗೆ ಎಷ್ಟು ಅಂತ ರಿಪೋರ್ಟು ನೋಡಿ ಹಾಕುತ್ತಾರೆ. ಅದು ರೂಪಣಾತ್ಮಕ, ಅಂದರೆ ಎಫ್‌ಎ. ಕಾಯಿ ಕೊಯ್ದು, ಒಣಗಿಸಿ, ಕ್ಯೂರಿಂಗ್‌ಗೆ (ಸಿಪ್ಪೆ ತೆಗೆದು ಹಸನು ಮಾಡುವ ಕಡೆಗೆ) ಹೋದ ಮೇಲೆ ಜರಡಿಯಲ್ಲಿ ಬೀಜ ಬೇರೆ ಮಾಡಿ ಎ, ಬಿ, ಪಿಬಿ (ಒಂಟಿ ಬೀಜ) ಅಂತ ಗ್ರೇಡ್ ಕೊಡುತ್ತಾರೆ. ಅದು ಸಂಕಲನಾತ್ಮಕ, ಅಂದರೆ ಎಸ್‌ಎ. ಗ್ರೇಡೂ ಬೇಕು, ಅದಿಲ್ಲದೆ ವ್ಯಾಪಾರ ನಡೆಯಲ್ಲ. ಆದರೆ ಗ್ರೇಡ್ ಬಂದ ಮೇಲೆ ಆ ಬೀಜವನ್ನು ದಪ್ಪ ಮಾಡೋಕೆ ಆಗುವುದಿಲ್ಲ. ಈ ಎರಡನ್ನೂ ಬೇರೆ ಹೆಸರಿಟ್ಟು ಕರೆದವರು ಮೈಕೆಲ್ ಸ್ಕ್ರಿವನ್, 1967ರಲ್ಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅನ್ನುವ ಮಾತು ಬಂತು. ಆಮೇಲೆ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಅಂತ ನಮ್ಮ ಶಾಲೆಗಳಲ್ಲಿ ನೆಲೆಯಾಯಿತು. ಆದರೆ ನಡೆದಿರುವುದು ಏನು? ಎಫ್‌ಎಯೂ ಒಂದು ಸಣ್ಣ ಎಸ್‌ಎ ಆಗಿಹೋಗಿದೆ. ಮಣ್ಣು ಪರೀಕ್ಷೆ ರಿಪೋರ್ಟಿಗೂ ಗ್ರೇಡ್ ಹಾಕಿ ಬೀರುವಿನಲ್ಲಿ ಇಟ್ಟ ಹಾಗೆ. ಸುಣ್ಣ ಹಾಕಿದವರು ಯಾರೂ ಇಲ್ಲ.

ಹಾಗಾಗಿ ಎಫ್‌ಎ 3ರಿಂದ ಇಷ್ಟು ಮಾಡಿ. ಚಾರ್ಟು ಇರಲಿ, ಅದಕ್ಕೆ ಕಡಿಮೆ ಅಂಕ ಇಡಿ. ಒಂದು ಚಟುವಟಿಕೆ ಮಾತ್ರ ತರಗತಿಯಲ್ಲೇ, ನಿಮ್ಮ ಕಣ್ಣೆದುರೇ, 15 ನಿಮಿಷದಲ್ಲಿ ಬರೆಯುವುದಾಗಿರಲಿ. ಇನ್ನೊಂದು ಓದುವುದು. ಎಂಟನೇ ತರಗತಿಗೆ ಓದು ಪರೀಕ್ಷೆಯಾ ಅನ್ನಬೇಡಿ. ಬರೆಯದೆ ಬಿಟ್ಟ ಮಕ್ಕಳಲ್ಲಿ ಕೆಲವರು ಪ್ರಶ್ನೆಯನ್ನೇ ಓದಿರುವುದಿಲ್ಲ. ದಿನಕ್ಕೆ ಮೂವರನ್ನು ಒಬ್ಬೊಬ್ಬರಾಗಿ ಕರೆಯಿರಿ. 14 ದಿನಕ್ಕೆ 42 ಮಕ್ಕಳೂ ಮುಗಿಯುತ್ತಾರೆ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮಾಡುವುದೂ ಹೀಗೇ, ಮಗುವಿನ ಪಕ್ಕ ಕೂತು ಅಕ್ಷರ, ಪದ, ಸಣ್ಣ ಪರಿಚ್ಛೇದ, ಕತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಓದಿಸುತ್ತಾರೆ. ನೀವು ಏಳನೇ ತರಗತಿ ಪುಸ್ತಕದ ಅರ್ಧ ಪುಟ ಕೊಡಿ. ಓದಿದ ಮೇಲೆ ಪುಸ್ತಕ ಮುಚ್ಚಿ ‘ಏನಂತೆ?’ ಅಂತ ಕೇಳಿ. ಗಡಗಡ ಓದಿ ಏನೂ ಹೇಳದವರು ಸಿಗುತ್ತಾರೆ. ತಡವರಿಸಿ ಓದಿ ಪೂರ್ತಿ ಕತೆ ಹೇಳುವವರೂ ಸಿಗುತ್ತಾರೆ. ಇಬ್ಬರಿಗೂ ಬೇಕಾದ್ದು ಬೇರೆ ಬೇರೆ. ‘ಹಾಲು’ ಇರುವಲ್ಲಿ ‘ಆಲು’ ಅಂತ ಓದಿದರೆ ಅದನ್ನು ಓದಿನ ತಪ್ಪು ಅಂತ ಎಣಿಸಬೇಡಿ. ಅದು ಅವನ ಮನೆಯ ನಾಲಿಗೆ. ‘ಹಾಲು’ ಇರುವಲ್ಲಿ ‘ಹಾಡು’ ಅಂದರೆ ಅದು ತಪ್ಪು.

ತಿದ್ದುವ ಕೆಲಸ ಸಾಕಾಗಿದೆ ಅಂದಿರಿ. ಲೆಕ್ಕ ಹಾಕೋಣ. ಒಂದು ಪುಸ್ತಕಕ್ಕೆ ಐದು ನಿಮಿಷ ಅಂದರೆ 42ಕ್ಕೆ ಮೂರೂವರೆ ಗಂಟೆ. ಅಷ್ಟು ಹೊತ್ತು ಕೂತು ಕೆಂಪು ಮಾಡಿದ್ದನ್ನು ಮಕ್ಕಳು ಎಷ್ಟು ಹೊತ್ತು ನೋಡುತ್ತಾರೆ? ಅಂಕ ನೋಡುತ್ತಾರೆ, ಪಕ್ಕದವನ ಅಂಕ ನೋಡುತ್ತಾರೆ, ಪುಸ್ತಕ ಚೀಲಕ್ಕೆ ಹಾಕುತ್ತಾರೆ. ರೂತ್ ಬಟ್ಲರ್ ಅನ್ನುವವರು ಇಸ್ರೇಲಿನ ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಮಕ್ಕಳಿಗೆ ಬರೀ ಅಂಕ, ಇನ್ನೊಂದಕ್ಕೆ ಬರೀ ಟಿಪ್ಪಣಿ, ಮತ್ತೊಂದಕ್ಕೆ ಅಂಕವೂ ಟಿಪ್ಪಣಿಯೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕ ಗುಂಪು. ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರ ಹಾಗೇ ಉಳಿದರು. ಅಂಕ ಕಣ್ಣಿಗೆ ಬಿದ್ದ ಮೇಲೆ ಟಿಪ್ಪಣಿ ಓದುವವರು ಕಡಿಮೆ.

ಆದ್ದರಿಂದ ಅಭ್ಯಾಸದ ಬರಹಕ್ಕೆ ಅಂಕ ಬೇಡ. ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದೊಂದಕ್ಕೆ ಒಂದೂವರೆ ನಿಮಿಷ ಕೊಟ್ಟು ಓದಿ. ಪೆನ್ನು ಮುಟ್ಟಬೇಡಿ. ಗುಡ್ಡೆ ಮಾಡುತ್ತಾ ಹೋಗಿ. ಒತ್ತಕ್ಷರದ ತೊಂದರೆ ಇರುವವರು ಒಂದು ಕಡೆ. ವಾಕ್ಯ ಮುಗಿಸದವರು ಒಂದು ಕಡೆ. ಬರೆಯೋಕೆ ಬರುತ್ತದೆ, ಹೇಳೋಕೆ ಏನೂ ಸಿಕ್ಕಿಲ್ಲ ಅನ್ನುವವರು ಇನ್ನೊಂದು ಕಡೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಗುಡ್ಡೆ ಎಷ್ಟೋ ಮುಂದಿನ ವಾರದ ಪಾಠ ಅಷ್ಟು. ಒಬ್ಬೊಬ್ಬರಿಗೆ ಒಂದೇ ಒಂದು ಸಾಲು ಬರೆಯಿರಿ. ಆ ಹುಡುಗನಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: “ಅಜ್ಜಿ ಕತೆ ಹೇಳುವ ಜಾಗ ನನಗೆ ಇಷ್ಟ ಆಯಿತು. ಒತ್ತು ಬಿಟ್ಟುಹೋದ ಒಂಬತ್ತು ಪದ ಇವೆ, ನೀನೇ ಹುಡುಕು.” ಹುಡುಕೋಕೆ ತರಗತಿಯಲ್ಲೇ ಹತ್ತು ನಿಮಿಷ ಕೊಡಿ. ಮನೆಗೆ ಹೋಗಿ ಮಾಡು ಅಂದರೆ ಆಗುವುದಿಲ್ಲ. ಕೆಂಪು ಸುತ್ತು ಹಾಕಿದಾಗ ತಪ್ಪು ಹುಡುಕುವ ಕೆಲಸ ನಿಮ್ಮದಾಗಿತ್ತು. ಈಗ ಅದು ಅವನದ್ದಾಯಿತು. ಪರೀಕ್ಷಾ ಕೊಠಡಿಯಲ್ಲಿ ಅವನ ಪಕ್ಕ ನೀವು ಇರುವುದಿಲ್ಲವಲ್ಲ.

ಎಸ್‌ಎ 1ರ ಪತ್ರಿಕೆಗಳು ಇನ್ನೂ ನಿಮ್ಮ ಹತ್ತಿರ ಇದ್ದರೆ ಒಂದು ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಮಕ್ಕಳ ಹೆಸರು, ಮೇಲೆ ಪ್ರಶ್ನೆಗಳ ಸಂಖ್ಯೆ. ಸರಿ ಇದ್ದರೆ ಒಂದು ಗೆರೆ, ತಪ್ಪಿದ್ದರೆ ಸೊನ್ನೆ, ಬರೆಯದೆ ಬಿಟ್ಟಿದ್ದರೆ ಖಾಲಿ. ತಪ್ಪಿಗೂ ಖಾಲಿಗೂ ವ್ಯತ್ಯಾಸ ಇದೆ, ಎರಡನ್ನೂ ಒಂದೇ ಮಾಡಬೇಡಿ. ತಪ್ಪು ಬರೆದವನು ಪ್ರಯತ್ನ ಮಾಡಿದ್ದಾನೆ. ಆಮೇಲೆ ಹಾಳೆಯನ್ನು ಮೇಲಿಂದ ಕೆಳಗೆ ಓದಿ. ಯಾವುದೋ ಒಂದು ಪ್ರಶ್ನೆಗೆ 30 ಜನ ಸೊನ್ನೆ ಅಂದರೆ ಅದು ಮಕ್ಕಳ ವಿಷಯ ಅಲ್ಲ. ಒಂದೋ ಪ್ರಶ್ನೆಯ ಭಾಷೆ ಗೊಂದಲ, ಇಲ್ಲ ಪಾಠ ತಲುಪಿಲ್ಲ. ಒಮ್ಮೆ ನಾನೇ ಕೊಟ್ಟ ವ್ಯಾಕರಣದ ಪ್ರಶ್ನೆಯೊಂದಕ್ಕೆ ಜಾಣ ಮಕ್ಕಳೆಲ್ಲ ತಪ್ಪು ಬರೆದು, ಸಾಧಾರಣದವರು ಸರಿ ಬರೆದಿದ್ದರು. ನೋಡಿದರೆ ಪ್ರಶ್ನೆಗೆ ಎರಡು ಸರಿ ಉತ್ತರ ಇತ್ತು. ಜಾಣರು ನಾನು ಯೋಚಿಸದ ಇನ್ನೊಂದನ್ನು ಬರೆದಿದ್ದರು. ಹಾಳೆ ಮಾಡದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತೇ ತರಗತಿಗೆ ಹೋಗಿ ಹೇಳಿ ಅಂಕ ತಿದ್ದಿಕೊಟ್ಟೆ.

ಮಕ್ಕಳು ಒಬ್ಬರದ್ದೊಬ್ಬರು ತಿದ್ದುವುದು ಒಳ್ಳೆಯದೇ, ಪೆನ್ಸಿಲ್‌ನಲ್ಲಿ ಮಾತ್ರ, ಅಂಕ ಹಾಕದೆ. ಅದರ ಬಗ್ಗೆ ಇಷ್ಟು ಸಾಕು.

ನಿಮ್ಮ ಕಡೆಯ ಒಂದು ವಿಷಯ ಮರೆಯಬಾರದು. ನವೆಂಬರ್ ಬಂದರೆ ಅರೇಬಿಕಾ ಕಾಫಿ ಕೊಯ್ಲು, ಆಮೇಲೆ ರೋಬಸ್ಟಾ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಉಳಿಯುತ್ತಾರೆ. ಆ ದಿನಗಳ ಚಟುವಟಿಕೆಗೆ ಬಿದ್ದ ಸೊನ್ನೆ ಹಾಜರಾತಿಯ ಲೆಕ್ಕ, ಕನ್ನಡದ ಲೆಕ್ಕ ಅಲ್ಲ. ವಾಪಸ್ ಬಂದ ಮೇಲೆ ಇನ್ನೊಮ್ಮೆ ಮಾಡಿಸಿ. ತಮಿಳು, ತುಳು, ಬ್ಯಾರಿ, ಕೊಂಕಣಿ, ಈಚೆಗೆ ಅಸ್ಸಾಮಿನ ಕಡೆಯ ಭಾಷೆ, ಹೀಗೆ ಮನೆಯಲ್ಲಿ ಬೇರೆ ಮಾತಾಡುವ ಮಗು ನಿಮ್ಮ ತರಗತಿಯಲ್ಲಿ ಸುಮ್ಮನೆ ಕೂತರೆ ‘ಮೌಖಿಕ: ಕಡಿಮೆ’ ಅಂತ ಬರೆಯುವ ಮೊದಲು ಒಂದು ಸಲ ಅದಕ್ಕೆ ಗೊತ್ತಿರುವುದನ್ನು ಕೇಳಿ. ಹಣ್ಣು ಕಾಯಿ ಯಾವುದು, ಹಸಿ ಯಾವುದು, ಹೇಗೆ ಕೊಯ್ಯುತ್ತಾರೆ ಅಂತ. ಮಾತು ಬಾರದ ಮಗು ಬೇರೆ, ವಿಷಯ ಸಿಗದ ಮಗು ಬೇರೆ.

ಹೆಡ್‌ಮಾಸ್ಟರ್ ವಿಷಯ. ಅವರ ಮೇಲೂ ಒತ್ತಡ ಇದೆ, ಅವರನ್ನು ದೂರಿ ಪ್ರಯೋಜನ ಇಲ್ಲ. ಅವರಿಗೆ ಎಸ್‌ಎಸ್‌ಎಲ್‌ಸಿ ಲೆಕ್ಕದಲ್ಲೇ ಹೇಳಿ. ಪ್ರಥಮ ಭಾಷೆಗೆ 125 ಅಂಕ. ಆಂತರಿಕ 25 ನಮ್ಮ ಕೈಯಲ್ಲಿದೆ, 100 ಮಗುವಿನ ಕೈಯಲ್ಲಿದೆ. ಎಂಟರಲ್ಲಿ, ಒಂಬತ್ತರಲ್ಲಿ ಎಫ್‌ಎ ತುಂಬಿಸಿ ಕಳಿಸಿದರೆ ಆ 100ರ ಮುಂದೆ ಮಗು ಒಂಟಿಯಾಗಿ ಕೂರುತ್ತದೆ. ಅಂಕ ಏರಿಸಿ ಅಂದಾಗ ನಿಮ್ಮ ದೊಡ್ಡ ಹಾಳೆ ತೋರಿಸಿ. ‘ಸರ್, ಇಷ್ಟು ಮಕ್ಕಳಿಗೆ ಒತ್ತಕ್ಷರ, ಇಷ್ಟು ಮಕ್ಕಳಿಗೆ ಓದು. ವಾರಕ್ಕೆ ಎರಡು ಅವಧಿ ಕೊಡಿ, ಫೆಬ್ರವರಿಗೆ ಮತ್ತೆ ತೋರಿಸುತ್ತೇನೆ’ ಅನ್ನಿ. ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಎಸ್‌ಎಟಿಎಸ್‌ಗೆ (ಮಕ್ಕಳ ಅಂಕ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಹಾಕುವ ಅಂಕ ಹಾಕಿ, ಅದು ನಿಮ್ಮ ಕರ್ತವ್ಯ. ಅದರ ಜೊತೆ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗುವಿಗೊಂದು ಪುಟ. ಅಂಕ ಬರೆಯಬೇಡಿ. ಏನು ಬರುತ್ತದೆ, ಏನು ಬರಬೇಕು, ತಾರೀಕು. ಅಷ್ಟೆ. ವರ್ಗವಾಗಿ ಹೋಗುವಾಗ ಮುಂದೆ ಬರುವವರಿಗೆ ಅದನ್ನು ಕೊಟ್ಟು ಹೋಗಿ.

ಆ ಹುಡುಗನ ಪುಟಕ್ಕೆ ಇವತ್ತಿನ ತಾರೀಕು ಹಾಕಿ, ಹೀಗೆ ಬರೆಯಿರಿ: ‘ಮ್ಮ, ಲ್ಲ, ಳ್ಳ ಬರುತ್ತದೆ. ಪ್ಪ, ಕ್ಕ, ಜ್ಜ, ತ್ತ ಬರಬೇಕು.’ ಎರಡು ವಾರ ಚಪ್ಪಾಳೆ, ಗೆರೆ ಎಳೆಯೋದು ಮಾಡಿಸಿ. ಆಮೇಲೆ ಮತ್ತೆ ಏಳು ವಾಕ್ಯ ಬರೆಸಿ. ಆಗ ಒಂದು ತಮಾಷೆ ನಡೆಯಬಹುದು. ಬೇಡದ ಕಡೆಯೂ ಒತ್ತು ಹಾಕಿ ‘ಅಜ್ಜಿ ಕತ್ತೆ ಹೇಳುತ್ತಾರೆ’ ಅಂತ ಬರೆದರೂ ಬರೆದಾನು. ಗಾಬರಿಯಾಗಿ ಕೆಂಪು ಪೆನ್ನು ತೆಗೆಯಬೇಡಿ. ಒತ್ತು ಅನ್ನುವುದು ಒಂದಿದೆ ಅಂತ ಅವನ ಕೈಗೆ ಈಗ ಗೊತ್ತಾಗಿದೆ, ಎಲ್ಲಿ ಹಾಕಬೇಕು ಅಂತ ಹುಡುಕುತ್ತಿದ್ದಾನೆ. ಆ ಸಾಲನ್ನು ಅವನ ಬಾಯಲ್ಲೇ ಜೋರಾಗಿ ಓದಿಸಿ. ಅವನೇ ನಕ್ಕು ತಿದ್ದಿಕೊಳ್ಳುತ್ತಾನೆ. ಆ ಪುಟದ ಫೋಟೊವನ್ನೂ ಕಳಿಸಿ ಮೇಡಂ, ನನಗೆ ನೋಡಬೇಕು.